ಒಂದಡಿ ದೂರದ ಹಕ್ಕಿ

ಕನ್ನಡದಲ್ಲಿ ಈಗ ಹಕ್ಕಿಗಳ ಛಾಯಾಚಿತ್ರಗಳಿಗೆ ಬರವಿಲ್ಲ. ಬರವಿರುವುದು ಅವುಗಳ ವಿಮರ್ಶೆಗೆ. ಒಂದು ಪ್ರದರ್ಶನಕ್ಕೆ ಹೋದಾಗ, ಒಂದು ಕ್ಯಾಲೆಂಡರ್ ಕೈಗೆ ಬಂದಾಗ ನಾವು ಆಡುವ ಮಾತು ಎರಡೇ: ‘ಎಷ್ಟು ಚೆಂದ’ ಮತ್ತು ‘ಎಷ್ಟು ಹತ್ತಿರದಿಂದ ತೆಗೆದಿದ್ದಾರೆ’. ಎರಡನೆಯದನ್ನೂ ಹೊಗಳಿಕೆಯಾಗಿಯೇ ಆಡುತ್ತೇವೆ. ಒಂದು ಕವಿತೆಯನ್ನೋ ಕಾದಂಬರಿಯನ್ನೋ ಇಷ್ಟು ಸಲೀಸಾಗಿ ಒಪ್ಪಿಕೊಳ್ಳದ ಓದುಗರು ಹಕ್ಕಿಯ ಚಿತ್ರದ ಮುಂದೆ ಮಾತ್ರ ತಕರಾರಿಲ್ಲದೆ ತಲೆದೂಗುತ್ತಾರೆ. ನಾನು ಕನ್ನಡದ ನಿಸರ್ಗ ಬರಹಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಬರಹದ ಪಕ್ಕದಲ್ಲೇ ಅಚ್ಚಾಗುವ ಈ ಚಿತ್ರಗಳನ್ನು ಬರೀ ಅಲಂಕಾರವೆಂದು ದಾಟಿಹೋಗಲು ನನಗೆ ಆಗುತ್ತಿಲ್ಲ. ಅವೂ ಪಠ್ಯಗಳೇ, ಅವುಗಳಿಗೂ ಒಂದು ನಿಲುವು ಇರುತ್ತದೆ. ಇಲ್ಲಿ ನಾನು ಕೇಳಹೊರಟಿರುವುದು ಒಂದೇ ಪ್ರಶ್ನೆ: ಚಿತ್ರದಲ್ಲಿ ಕಾಣುವ ಆ ಹತ್ತಿರವನ್ನು ನಿರ್ಧರಿಸಿದವರು ಯಾರು? ಹಕ್ಕಿಯೋ, ಚಿತ್ರ ತೆಗೆದವರೋ?

ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದಂತೆ ನಮ್ಮೆದುರು ಇಡುವ ಉಪಕರಣ ಮ್ಯಾಕ್ರೊ ಲೆನ್ಸ್. ಸಣ್ಣ ವಸ್ತುವೊಂದನ್ನು ಅದರ ನಿಜಗಾತ್ರದಲ್ಲೇ ಕ್ಯಾಮೆರಾದ ಸೆನ್ಸರ್ ಮೇಲೆ ಮೂಡಿಸಬಲ್ಲ ಲೆನ್ಸ್ ಇದು. ಛಾಯಾಗ್ರಾಹಕರ ಮಾತಿನಲ್ಲಿ ಹೇಳುವುದಾದರೆ ‘ಒಂದಕ್ಕೆ ಒಂದು’: 10 ಮಿಲಿಮೀಟರಿನ ಜೀರುಂಡೆ ಸೆನ್ಸರ್ ಮೇಲೂ 10 ಮಿಲಿಮೀಟರ್. ಇರುವೆಯ ಮೀಸೆ, ಹೂವಿನ ಕೇಸರ, ಜೇಡದ ಕಣ್ಣುಗಳೆಲ್ಲ ಇದರ ಸಹಜ ಕ್ಷೇತ್ರ. ಬಹಳ ಜನ ಬಳಸುವ 100 ಮಿಲಿಮೀಟರಿನ ಮ್ಯಾಕ್ರೊ ಲೆನ್ಸಿನಲ್ಲಿ ಈ ಅಳತೆ ದಕ್ಕಬೇಕಾದರೆ ವಸ್ತು ಸೆನ್ಸರಿನಿಂದ ಸುಮಾರು 30 ಸೆಂಟಿಮೀಟರ್, ಅಂದರೆ ಒಂದಡಿ ದೂರದಲ್ಲಿರಬೇಕು. ಲೆನ್ಸಿನ ಮೂತಿಯಿಂದ ಅಳೆದರೆ ನಡುವೆ ಒಂದು ಗೇಣೂ ಉಳಿಯುವುದಿಲ್ಲ.

ಈಗ ಇದೇ ಲೆನ್ಸನ್ನು ಹಕ್ಕಿಯ ಕಡೆ ತಿರುಗಿಸೋಣ. ನಮ್ಮ ಅಂಗಳದ ಸೂರಕ್ಕಿ ಕೊಕ್ಕಿನಿಂದ ಬಾಲದ ತುದಿಯವರೆಗೆ ಹೆಚ್ಚೆಂದರೆ 10 ಸೆಂಟಿಮೀಟರ್. ಸೆನ್ಸರಿನ ಅಗಲವೋ, ದೊಡ್ಡ ಕ್ಯಾಮೆರಾಗಳಲ್ಲೂ 36 ಮಿಲಿಮೀಟರ್. ‘ಒಂದಕ್ಕೆ ಒಂದು’ ಅಳತೆಯಲ್ಲಿ ಈ ಪುಟ್ಟ ಹಕ್ಕಿಯೂ ಚೌಕಟ್ಟಿನಲ್ಲಿ ಹಿಡಿಸುವುದಿಲ್ಲ. ತಲೆ ಬಂದರೆ ರೆಕ್ಕೆ ಇಲ್ಲ, ರೆಕ್ಕೆ ಬಂದರೆ ಕಾಲಿಲ್ಲ. ಅಪರ್ಚರನ್ನು ಎಫ್8ಕ್ಕೆ ಇಳಿಸಿದರೂ ಸ್ಪಷ್ಟವಾಗಿ ಕಾಣುವ ಆಳ ಸುಮಾರು ಒಂದು ಮಿಲಿಮೀಟರ್. ಕಣ್ಣು ಚೊಕ್ಕವಾಗಿ ಬಂದರೆ ಕೊಕ್ಕಿನ ತುದಿ ಮಂಜು. ಇಡೀ ಸೂರಕ್ಕಿ ಚೌಕಟ್ಟನ್ನು ತುಂಬಬೇಕೆಂದರೂ ಸುಮಾರು 40 ಸೆಂಟಿಮೀಟರ್ ಹತ್ತಿರಕ್ಕೆ, ಒಂದು ಮೊಳದೊಳಗೆ ಹೋಗಬೇಕು. ನಮ್ಮ ಸುತ್ತಲಿನ ಸ್ವತಂತ್ರ ಹಕ್ಕಿಗಳಲ್ಲಿ ಮನುಷ್ಯನನ್ನು ಒಂದು ಮೊಳದಷ್ಟು ಹತ್ತಿರ ಬಿಟ್ಟುಕೊಂಡು ಸುಮ್ಮನೆ ಕೂರುವಂಥವು ತೀರಾ ಕಡಿಮೆ.

ಹಾಗಾದರೆ ಚೌಕಟ್ಟಿನ ತುಂಬ ಹಕ್ಕಿಯ ಮುಖವಿರುವ ಮ್ಯಾಕ್ರೊ ಚಿತ್ರಗಳು ಹುಟ್ಟುವುದು ಹೇಗೆ? ದಾರಿಗಳು ಕೆಲವೇ. ಹಕ್ಕಿ ಕೈಯಲ್ಲಿರಬೇಕು, ಉದಾಹರಣೆಗೆ ಸಂಶೋಧಕರು ಕಾಲಿಗೆ ಉಂಗುರ ತೊಡಿಸುವಾಗ. ಇಲ್ಲವೇ ಸತ್ತಿರಬೇಕು, ಪಂಜರದಲ್ಲಿರಬೇಕು, ತಿನಿಸಿನ ಆಸೆಗೆ ಬಂದಿರಬೇಕು, ಮನುಷ್ಯರ ಸಹವಾಸಕ್ಕೆ ತಾನಾಗಿ ಒಗ್ಗಿರಬೇಕು. ಉಳಿದಂತೆ, ಬಿಟ್ಟುಹೋಗಲಾಗದ ಯಾವುದೋ ಒಂದು ಅದನ್ನು ಅಲ್ಲಿ ಕಟ್ಟಿಹಾಕಿರಬೇಕು. ಆ ಕಟ್ಟು ಬಹುಪಾಲು ಗೂಡು. ದೂರದ ಲೆನ್ಸಿನಿಂದ ತೆಗೆದ ಚಿತ್ರದಲ್ಲಿ ಈ ಕಥೆ ಮರೆಯಾಗಬಹುದು. ಮ್ಯಾಕ್ರೊ ಚಿತ್ರದಲ್ಲಿ ಲೆನ್ಸಿನ ಗಣಿತವೇ ಅದನ್ನು ಹೇಳಿಬಿಡುತ್ತದೆ.

ನಿಜಗಾತ್ರದ ಈ ಆಸೆ ಲೆನ್ಸಿಗಿಂತ ಹಳೆಯದು. 1827ರಿಂದ 1838ರವರೆಗೆ ಪ್ರಕಟವಾದ ಜಾನ್ ಜೇಮ್ಸ್ ಆಡುಬಾನನ ‘ದಿ ಬರ್ಡ್ಸ್ ಆಫ್ ಅಮೆರಿಕ’ದಲ್ಲಿ 435 ಚಿತ್ರಫಲಕಗಳಿವೆ. ಪ್ರತಿ ಹಕ್ಕಿಯನ್ನೂ ಅದರ ನಿಜಗಾತ್ರದಲ್ಲೇ ಚಿತ್ರಿಸುವುದು ಅವನ ಹಟ. ಅದಕ್ಕಾಗಿ ಆ ಕಾಲಕ್ಕೆ ಸಿಗುತ್ತಿದ್ದ ಅತಿದೊಡ್ಡ ಕಾಗದ ಬಳಸಿದ. ಅಷ್ಟಾದರೂ ಫ್ಲೆಮಿಂಗೊ ಹಾಳೆಯಲ್ಲಿ ಹಿಡಿಸದೆ ಕತ್ತು ಬಗ್ಗಿಸಿ ನಿಲ್ಲಬೇಕಾಯಿತು. ಆ ಹಕ್ಕಿಗಳನ್ನು ಗುಂಡಿಟ್ಟು ಕೊಂದು, ತಂತಿಗಳಿಂದ ಬೇಕಾದ ಭಂಗಿಗೆ ನಿಲ್ಲಿಸಿಕೊಂಡು ಅವನು ಚಿತ್ರ ಬರೆಯುತ್ತಿದ್ದ. ಚಿತ್ರಗಳ ಸೊಗಸನ್ನು ಯಾರೂ ಅಲ್ಲಗಳೆಯಲಾರರು. ಆದರೆ ಹಕ್ಕಿಯ ಗಾತ್ರವನ್ನು ಉಳಿಸಿಕೊಳ್ಳಲು ಅದರ ಜೀವವನ್ನು ತೆಗೆಯಬೇಕಾಯಿತೆಂಬ ವ್ಯಂಗ್ಯ ಆ ಸೊಗಸಿನೊಳಗೇ ಕೂತಿದೆ.

ಕ್ಯಾಮೆರಾ ಬಂದ ಮೇಲೆ ಬಂದೂಕು ಹಿಂದೆ ಸರಿಯಿತು, ಗೂಡು ಮುಂದೆ ಬಂತು. ಇಂಗ್ಲೆಂಡಿನ ರಿಚರ್ಡ್ ಕೀರ್ಟನ್ ಮತ್ತು ಚೆರ್ರಿ ಕೀರ್ಟನ್ ಸಹೋದರರು 1895ರಲ್ಲಿ ಬ್ರಿಟನ್ನಿನ ಹಕ್ಕಿಗೂಡುಗಳ ಬಗ್ಗೆ ಛಾಯಾಚಿತ್ರಗಳ ಪುಸ್ತಕವನ್ನೇ ತಂದರು. ಆಗಿನ ಕ್ಯಾಮೆರಾಗಳು ಭಾರ, ಪ್ಲೇಟುಗಳು ನಿಧಾನ. ಹಾರಾಡುವ ಹಕ್ಕಿಯನ್ನು ಹಿಂಬಾಲಿಸುವ ಮಾತೇ ಇರಲಿಲ್ಲ. ಹಕ್ಕಿ ಎಲ್ಲಿಗೆ ಹೋದರೂ ಮರಳಿ ಬರಲೇಬೇಕಾದ ಜಾಗ ಗೂಡು. ಅದರೆದುರು ಅಡಗಿ ಕೂತರಾಯಿತು. ಅಡಗಲು ಕೀರ್ಟನ್ನರು ಎತ್ತಿನ ಚರ್ಮದಿಂದ ಟೊಳ್ಳು ಎತ್ತೊಂದನ್ನು ಮಾಡಿಸಿಕೊಂಡು ಅದರ ಹೊಟ್ಟೆಯೊಳಗಿಂದ ಚಿತ್ರ ತೆಗೆಯುತ್ತಿದ್ದರು. ಮೊಟ್ಟೆಗಳನ್ನು ಕದ್ದು ಸಂಗ್ರಹಿಸುವುದೇ ಒಂದು ಹವ್ಯಾಸವಾಗಿದ್ದ ಕಾಲದಲ್ಲಿ ಚಿತ್ರ ತೆಗೆದು ಮೊಟ್ಟೆಯನ್ನು ಗೂಡಿನಲ್ಲೇ ಬಿಟ್ಟುಬರುವುದು ಸಣ್ಣ ಸಂಗತಿಯಲ್ಲ. ಗೂಡಿನ ಛಾಯಾಗ್ರಹಣವನ್ನು ಪ್ರಶ್ನಿಸುವಾಗ ಈ ಇತಿಹಾಸವನ್ನು ಮರೆತರೆ ಅನ್ಯಾಯವಾಗುತ್ತದೆ.

ಅದೇ ಪರಂಪರೆಯಲ್ಲಿ ಬಂದ ಎರಿಕ್ ಹಾಸ್ಕಿಂಗ್ 1937ರಲ್ಲಿ ವೇಲ್ಸ್‌ನಲ್ಲಿ ಗೂಬೆಯೊಂದರ ಗೂಡಿನ ಬಳಿ ಕಟ್ಟಿಕೊಂಡಿದ್ದ ಮರೆಗೆ ರಾತ್ರಿ ಹೋಗುತ್ತಿದ್ದಾಗ ಆ ಗೂಬೆ ಎರಗಿತು. ಅವನು ಒಂದು ಕಣ್ಣನ್ನೇ ಕಳೆದುಕೊಂಡ. ಆಮೇಲೂ ದಶಕಗಳ ಕಾಲ ಹಕ್ಕಿಗಳ ಚಿತ್ರ ತೆಗೆದು, 1970ರ ತನ್ನ ಆತ್ಮಕಥೆಗೆ ‘ಆ್ಯನ್ ಐ ಫಾರ್ ಎ ಬರ್ಡ್’ ಎಂದು ಹೆಸರಿಟ್ಟ. ಈ ಘಟನೆಯನ್ನು ಸಾಮಾನ್ಯವಾಗಿ ಛಾಯಾಗ್ರಾಹಕನ ಛಲದ ಕಥೆಯಾಗಿ ಹೇಳುತ್ತಾರೆ. ಅದನ್ನು ಗೂಬೆಯ ಕಡೆಯಿಂದಲೂ ಓದಬಹುದು: ಇಲ್ಲಿಗೆ ಸಾಕು, ಇದಕ್ಕಿಂತ ಹತ್ತಿರ ಬರಬೇಡ ಎಂದು ಅದು ಗೆರೆ ಎಳೆದಿತ್ತು. ಗೂಬೆಗೆ ಉಗುರುಗಳಿದ್ದವು. ಸೂರಕ್ಕಿಗೆ, ಸಿಂಪಿಗ ಹಕ್ಕಿಗೆ ಆ ಅನುಕೂಲವಿಲ್ಲ. ಅವು ಎಳೆಯುವ ಗೆರೆ ನಮಗೆ ಕಾಣುವುದೂ ಇಲ್ಲ.

ಸಿಂಪಿಗ ಹಕ್ಕಿಯ ಗೂಡನ್ನೇ ತೆಗೆದುಕೊಳ್ಳಿ. ನಮ್ಮ ಊರು, ಪೇಟೆ, ಕಾಲೇಜು ಆವರಣಗಳ ಗಿಡಗಳಲ್ಲೆಲ್ಲ ಅದು ಎಲೆಗಳ ಅಂಚನ್ನು ನಾರಿನಿಂದ ಹೊಲಿದು ಗೂಡು ಮಾಡುತ್ತದೆ. ಆ ಗೂಡಿನ ಜಾಣ್ಮೆಯೆಲ್ಲ ಇರುವುದು ಕಾಣದಿರುವುದರಲ್ಲಿ. ಆದರೆ ಲೆನ್ಸಿಗೆ ಬೇಕಾದದ್ದು ಕಾಣುವುದು. ಹಾಗಾಗಿ ಅಡ್ಡ ಬಂದ ಎಲೆಯನ್ನು ಕೀಳುವುದು, ರೆಂಬೆಯನ್ನು ಬಗ್ಗಿಸಿ ಕಟ್ಟುವುದು ನಡೆಯುತ್ತದೆ. ಛಾಯಾಗ್ರಾಹಕರ ವಲಯದಲ್ಲಿ ಇದಕ್ಕೆ ‘ಗಾರ್ಡನಿಂಗ್’ ಎಂಬ ಮುದ್ದಾದ ಹೆಸರಿದೆ. ಅವರು ಹೊರಟುಹೋದ ಮೇಲೂ ಆ ಕಿಂಡಿ ತೆರೆದೇ ಇರುತ್ತದೆ. ಕಾಗೆಗೂ ಕೆಂಬೂತಕ್ಕೂ ಅದೇ ಕಿಂಡಿಯಿಂದ ಮರಿಗಳು ಕಾಣುತ್ತವೆ. ಬಯಲಿನ ಟಿಟ್ಟಿಭದ ಪಾಡು ಬೇರೆ ಬಗೆಯದು. ಅದು ನೆಲದ ಮೇಲೆಯೇ ಮೊಟ್ಟೆಯಿಡುತ್ತದೆ. ಬೇಸಿಗೆಯ ಬಿಸಿಲಲ್ಲಿ ಮೊಟ್ಟೆಗಳಿಗೆ ನೆರಳಾಗಿ ನಿಲ್ಲುತ್ತದೆ, ಹೊಟ್ಟೆಯ ಗರಿಗಳನ್ನು ನೀರಲ್ಲಿ ತೋಯಿಸಿಕೊಂಡು ಬಂದು ಅವನ್ನು ತಂಪಾಗಿಡುತ್ತದೆ. ನಾವು ಮೊಟ್ಟೆಗಳ ಪಕ್ಕ ಮಂಡಿಯೂರಿ ಫೋಕಸ್ ಹುಡುಕುವಷ್ಟು ಹೊತ್ತೂ ಅದು ತಲೆಯ ಮೇಲೆ ಸುತ್ತುತ್ತ ಕೂಗುತ್ತಿರುತ್ತದೆ, ಕೆಳಗೆ ಮೊಟ್ಟೆ ಕಾಯುತ್ತಿರುತ್ತದೆ. ಮುದ್ರಣದಲ್ಲಿ ಆ ಕೂಗು ಬರುವುದಿಲ್ಲ. ಚುಕ್ಕೆಚುಕ್ಕೆಯ ನಾಲ್ಕು ಮೊಟ್ಟೆಗಳ ಸುಂದರ ವಿನ್ಯಾಸವಷ್ಟೇ ಬರುತ್ತದೆ.

ಸಾಹಿತ್ಯದ ವಿದ್ಯಾರ್ಥಿಗೆ ಇಲ್ಲಿ ಎರಡು ಪದಗಳು ಕುತೂಹಲ ಹುಟ್ಟಿಸಬೇಕು. ಒಂದು, ಕನ್ನಡದಲ್ಲಿ ಈಗ ಸಲೀಸಾಗಿ ಬಳಸುವ ‘ಕ್ಯಾಮೆರಾದಲ್ಲಿ ಸೆರೆಹಿಡಿ’ ಎಂಬ ಮಾತು. ಹಿಂದಿನಿಂದ ಬಂದ ‘ಚಿತ್ರ ತೆಗೆ’ ಎಂಬ ಸಾದಾ ಮಾತಿನಲ್ಲಿ ಸೆರೆಯೂ ಇಲ್ಲ, ಹಿಡಿತವೂ ಇಲ್ಲ. ಇನ್ನೊಂದು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬರುವ ‘ಬೇಟೆ’. ಆ ಕಾಯ್ದೆ ಬೇಟೆಯ ಅರ್ಥವನ್ನು ವಿವರಿಸುವಾಗ ಕೊಲ್ಲುವುದು, ಹಿಡಿಯುವುದರ ಜೊತೆಗೆ ಕಾಡುಹಕ್ಕಿಗಳ ಮೊಟ್ಟೆಗಳಿಗೆ ಹಾನಿ ಮಾಡುವುದನ್ನೂ, ಮೊಟ್ಟೆಗಳನ್ನಾಗಲಿ ಗೂಡನ್ನಾಗಲಿ ಕದಲಿಸಿ ತೊಂದರೆ ಕೊಡುವುದನ್ನೂ ಅದರೊಳಗೆ ಸೇರಿಸುತ್ತದೆ. ಕಾನೂನಿನ ಒಣ ಗದ್ಯ ಇಲ್ಲಿ ನಮ್ಮ ಛಾಯಾಗ್ರಹಣದ ರಸವತ್ತಾದ ಬರಹಗಳಿಗಿಂತ ಸೂಕ್ಷ್ಮವಾಗಿ ಓದಿದೆ. ಬಂದೂಕಿಲ್ಲದೆಯೂ ಬೇಟೆ ನಡೆಯಬಹುದೆಂದು ಅದಕ್ಕೆ ಗೊತ್ತಿದೆ.

ಈ ವಾದವನ್ನು ಒಪ್ಪದ ಗೆಳೆಯನೊಬ್ಬ ನನಗಿದ್ದಾನೆ. ಹತ್ತಿರದ ಚಿತ್ರಗಳನ್ನು ಬಹಳ ಶ್ರದ್ಧೆಯಿಂದ ತೆಗೆಯುವವನು. ಅವನ ಮಾತು ಹೀಗೆ: “ಮರದ ತುದೀಲಿ ಚುಕ್ಕೆ ಥರ ಕಾಣೋ ಹಕ್ಕಿ ಮೇಲೆ ಯಾರಿಗೆ ಪ್ರೀತಿ ಬರುತ್ತೆ ಹೇಳು? ಅದರ ಕಣ್ಣನ್ನ ಒಂದು ಸಲ ಹತ್ತಿರದಿಂದ ನೋಡಿದ ಮಗು ಮುಂದೆ ಕಲ್ಲು ಹೊಡೆಯಲ್ಲ.” ಈ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ನಾನೂ ಅಂಥ ಚಿತ್ರಗಳನ್ನು ನೋಡುತ್ತಲೇ ಹಕ್ಕಿಗಳ ಕಡೆ ತಿರುಗಿದವರ ಪೈಕಿ. ಆದರೆ ಹತ್ತಿರದ ಚಿತ್ರ ಪ್ರೀತಿಯನ್ನು ಹುಟ್ಟಿಸುವುದರ ಜೊತೆಗೆ ಒಂದು ನಿರೀಕ್ಷೆಯನ್ನೂ ಹುಟ್ಟಿಸುತ್ತದೆ. ಹಕ್ಕಿ ಎಂದರೆ ಹೀಗೆ ಕಾಣಬೇಕು, ಪ್ರತಿ ಗರಿಯೂ ಎಣಿಸುವಂತಿರಬೇಕು ಎಂದು ಕಲಿತ ಕಣ್ಣಿಗೆ ಮರದ ತುದಿಯ ಹಕ್ಕಿ ನಿರಾಸೆ ತರುತ್ತದೆ. ಮುಂದಿನ ಕ್ಯಾಮೆರಾ ಇನ್ನಷ್ಟು ಹತ್ತಿರ ಹೋಗುತ್ತದೆ. ಗೆಳೆಯನ ಮಗು ಕಲ್ಲು ಹೊಡೆಯದೆ ಹೋಗಬಹುದು, ಬೆಳೆದ ಮೇಲೆ ಎಲೆ ಕೀಳಬಹುದು. ಪ್ರೀತಿಗೆ ದೂರವನ್ನೂ ಕಲಿಸಬೇಕಾಗುತ್ತದೆ. ಅದನ್ನು ಕಲಿಸುವ ಚಿತ್ರ ಯಾವುದು ಎಂಬುದೇ ನಮ್ಮಿಬ್ಬರ ನಡುವೆ ಇನ್ನೂ ಮುಗಿಯದ ಜಗಳ.

ಹತ್ತಿರ ಹೋದಷ್ಟೂ ಹೆಚ್ಚು ತಿಳಿಯುತ್ತದೆಯೇ ಎಂಬ ಪ್ರಶ್ನೆಯೂ ಇದರೊಳಗಿದೆ. ಮಿಂಚುಳ್ಳಿಯ ಉದುರಿದ ನೀಲಿ ಗರಿಯೊಂದು ಕೆರೆಯಂಚಿನಲ್ಲಿ ಸಿಕ್ಕಿತೆನ್ನಿ. ಮ್ಯಾಕ್ರೊ ಲೆನ್ಸಿಗೆ ಇದಕ್ಕಿಂತ ಒಳ್ಳೆಯ ವಸ್ತುವಿಲ್ಲ: ಯಾರಿಗೂ ತೊಂದರೆಯಿಲ್ಲ, ಬಿದ್ದಲ್ಲೇ ತೆಗೆದು ಬಿದ್ದಲ್ಲೇ ಬಿಟ್ಟುಬರಬಹುದು. ದಂಟಿನಿಂದ ಸಾಲಾಗಿ ಹೊರಟ ಎಳೆಗಳು, ಒಂದನ್ನೊಂದು ತಬ್ಬಿದಂತೆ ಜೋಡಿಸಿಕೊಂಡ ಅವುಗಳ ಅಚ್ಚುಕಟ್ಟು ಎಲ್ಲ ಕಾಣುತ್ತವೆ. ಆದರೆ ನೀಲಿ? ಮಿಂಚುಳ್ಳಿಯ ಗರಿಯಲ್ಲಿ ನೀಲಿ ಬಣ್ಣದ ದ್ರವ್ಯವೇ ಇಲ್ಲ. ಎಳೆಯೊಳಗಿನ ಅತಿ ಸೂಕ್ಷ್ಮ ರಚನೆ ಬೆಳಕನ್ನು ಚೆದುರಿಸುವ ಬಗೆಯಿಂದ ನಮಗೆ ನೀಲಿ ಕಾಣುತ್ತದೆ. ನವಿಲುಗರಿಯೂ ಇಂಥದ್ದೇ, ಅರೆದು ಪುಡಿ ಮಾಡಿದರೆ ಉಳಿಯುವುದು ಕಂದು. ಮ್ಯಾಕ್ರೊ ಲೆನ್ಸ್ ಆ ರಚನೆಯ ಹತ್ತಿರಕ್ಕೂ ತಲುಪದು. ಬೆಳಕು, ಗರಿ, ನೋಡುವವರ ಕಣ್ಣು ಈ ಮೂರರ ನಡುವಿನ ಸಂಬಂಧದಲ್ಲಿ ಆ ನೀಲಿ ಇದೆ. ಹತ್ತಿರ ಹೋಗಿ ಕೈಗೆ ತೆಗೆದುಕೊಳ್ಳಬಹುದಾದ ವಸ್ತು ಅದಲ್ಲ. ಒಳ್ಳೆಯ ಮ್ಯಾಕ್ರೊ ಚಿತ್ರವೊಂದು ನನಗೆ ತಿಳಿಸಿಕೊಡುವುದು ಇದನ್ನೇ.

ಹತ್ತಿರವೆಲ್ಲ ಕೆಟ್ಟದ್ದೆಂದು ಇದರ ಅರ್ಥವಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. ಕೆಳಗೆ ಮಕ್ಕಳ ಆಟ, ದನಕರುಗಳ ಓಡಾಟ, ಮೇಲೆ ಮರಿಗಳ ಗಲಾಟೆ. ಹಿಕ್ಕೆ ರೈತರಿಗೆ ಗೊಬ್ಬರ. ಅಲ್ಲಿ ದೂರವನ್ನು ಕಡಿಮೆ ಮಾಡಿದ್ದು ಹಕ್ಕಿಗಳೇ, ತಲೆಮಾರುಗಳಿಂದ ಊರಿನವರು ಅವುಗಳ ತಂಟೆಗೆ ಹೋಗದಿದ್ದುದಕ್ಕೆ. 1940ರಲ್ಲಿ ಸಲೀಂ ಅಲಿಯವರ ಒತ್ತಾಸೆಯಿಂದ ಪಕ್ಷಿಧಾಮವಾದ ರಂಗನತಿಟ್ಟಿನಲ್ಲೂ ಹುಟ್ಟು ಹಾಕುವ ದೋಣಿಗೆ ಹಕ್ಕಿಗಳು ಹೊಂದಿಕೊಂಡಿವೆ. ಅಂಬಿಗರು ದೋಣಿಯನ್ನು ಎಲ್ಲಿ ನಿಲ್ಲಿಸುತ್ತಾರೋ ಅಲ್ಲಿಂದ ಕಂಡಷ್ಟು ನಮ್ಮದು. ನಮ್ಮ ಕಿಟಕಿಯ ಸಂದಿಯಲ್ಲಿ ಗುಬ್ಬಿ, ಜಗಲಿಯ ಕುಂಡದಲ್ಲಿ ಪಿಕಳಾರ ಗೂಡು ಮಾಡಿದರೂ ಅಷ್ಟೇ. ಕೊಟ್ಟ ಹತ್ತಿರ ಬೇರೆ, ಕಸಿದುಕೊಂಡ ಹತ್ತಿರ ಬೇರೆ. ಎರಡೂ ಚಿತ್ರದಲ್ಲಿ ಒಂದೇ ಥರ ಕಾಣುವುದರಿಂದಲೇ ವಿಮರ್ಶೆಗೆ ಕೆಲಸವಿದೆ.

ನಮ್ಮ ಸಾಹಿತ್ಯಕ್ಕೆ ಈ ವ್ಯತ್ಯಾಸ ಹೊಸದೇನಲ್ಲ. ಹಕ್ಕಿಗಳ ಚಿತ್ರ ತೆಗೆಯಲು ವರ್ಷಗಳನ್ನೇ ಕೊಟ್ಟ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಬಂತು. ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೊರಟ ಆ ಗುಂಪಿನಲ್ಲಿ ವಿಜ್ಞಾನಿಯಿದ್ದಾನೆ, ಕಥೆ ಹೇಳುವ ಕೃಷಿಕನಿದ್ದಾನೆ, ಮಂದಣ್ಣನಿದ್ದಾನೆ, ಪ್ರಭಾಕರನೆಂಬ ಫೋಟೊಗ್ರಾಫರ್ ಕೂಡ ಇದ್ದಾನೆ. ಇಷ್ಟು ಜನ ಬೆನ್ನುಹತ್ತಿದ ಜೀವಿ ಕೊನೆಗೆ ಕೈಗೆ ಸಿಗದೆ ಅವರ ಕಣ್ಣೆದುರೇ ಪ್ರಪಾತದ ಶೂನ್ಯಕ್ಕೆ ತೇಲಿಹೋಗುತ್ತದೆ. ಓತಿ ಸಿಕ್ಕಿಬಿಟ್ಟಿದ್ದರೆ ಕಾದಂಬರಿ ಒಂದು ಯಶಸ್ವಿ ಸಾಹಸದ ವರದಿಯಾಗುತ್ತಿತ್ತು. ಕ್ಯಾಮೆರಾ ಹಿಡಿದು ಕಾಡಿನಲ್ಲಿ ಕಾದು ಗೊತ್ತಿದ್ದ ಲೇಖಕರೊಬ್ಬರು ಆ ಜೀವಿಯನ್ನು ಬಿಟ್ಟುಕೊಟ್ಟದ್ದು ನನಗೆ ಆಕಸ್ಮಿಕವೆನಿಸುವುದಿಲ್ಲ. ಕೈತಪ್ಪಿದ್ದನ್ನು ಸೋಲೆಂದು ಬರೆಯದಿರುವುದು ಅಲ್ಲಿಂದ ನಾವು ಕಲಿಯಬಹುದಾದ ಪಾಠ.

ಇನ್ನು ವಿಮರ್ಶೆಯ ವಿಧಾನದ ಮಾತು. ಐ.ಎ. ರಿಚರ್ಡ್ಸ್ ಕೇಂಬ್ರಿಡ್ಜಿನಲ್ಲಿ ಕವಿಗಳ ಹೆಸರು ತೆಗೆದು ವಿದ್ಯಾರ್ಥಿಗಳ ಕೈಗೆ ಕವಿತೆಗಳನ್ನು ಕೊಟ್ಟ. ಅವರ ಪ್ರತಿಕ್ರಿಯೆಗಳನ್ನು ಆಧರಿಸಿ 1929ರಲ್ಲಿ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಬರೆದ. ಪಠ್ಯವನ್ನು ಹತ್ತಿರದಿಂದ ಓದು, ಹೊರಗಿನ ಸಂಗತಿಗಳನ್ನು ಸದ್ಯಕ್ಕೆ ಬದಿಗಿಡು ಎಂಬ ಶಿಸ್ತನ್ನು ನಮಗೆ ಎಂ.ಎ. ತರಗತಿಯಲ್ಲೇ ಕಲಿಸುತ್ತಾರೆ. ಅದರಿಂದ ಕವಿತೆಗೆ ನಷ್ಟವಿಲ್ಲ. ನಾವು ಎಷ್ಟು ಹತ್ತಿರ ಹೋದರೂ ಕವಿತೆ ಮೊಟ್ಟೆ ಬಿಟ್ಟು ಹಾರಿಹೋಗುವುದಿಲ್ಲ. ಹಕ್ಕಿಯ ಚಿತ್ರಕ್ಕೆ ಈ ಶಿಸ್ತು ಸಾಲದು. ಚೌಕಟ್ಟಿನೊಳಗಿನ ಬೆಳಕು, ಬಣ್ಣ, ವಿನ್ಯಾಸವನ್ನಷ್ಟೇ ನೋಡಿ ತೀರ್ಪು ಕೊಟ್ಟರೆ ಕೊಕ್ಕರೆ ಬೆಳ್ಳೂರಿನ ಹಕ್ಕಿಗೂ ಎಲೆ ಕಿತ್ತ ಗೂಡಿನ ಹಕ್ಕಿಗೂ ಒಂದೇ ಅಂಕ ಬೀಳುತ್ತದೆ. ಇಲ್ಲಿ ಚೌಕಟ್ಟಿನ ಹೊರಗಿನದೂ ಪಠ್ಯದ ಭಾಗ.

ಹಾಗಾಗಿ ನನ್ನ ಬೇಡಿಕೆ ಒಂದು ಸಣ್ಣ ಅಡಿಬರಹಕ್ಕೆ ಸಂಬಂಧಿಸಿದ್ದು. ನಮ್ಮ ಪ್ರದರ್ಶನಗಳಲ್ಲಿ ಚಿತ್ರದ ಕೆಳಗೆ ಕ್ಯಾಮೆರಾದ ಹೆಸರು, ಲೆನ್ಸ್, ಶಟರ್ ವೇಗ, ಐಎಸ್ಒ ಎಲ್ಲ ಬರೆದಿರುತ್ತಾರೆ. ಹಕ್ಕಿಗೂ ಕ್ಯಾಮೆರಾಗೂ ಎಷ್ಟು ದೂರವಿತ್ತು, ಗೂಡಿತ್ತೇ, ತಿನಿಸು ಇಟ್ಟಿದ್ದರೇ, ಎಷ್ಟು ಹೊತ್ತು ಅಲ್ಲಿದ್ದರು, ಅವರು ಹೊರಟಾಗ ಹಕ್ಕಿ ಏನು ಮಾಡುತ್ತಿತ್ತು, ಇವೂ ನಾಲ್ಕು ಸಾಲಿನ ವಿಷಯಗಳೇ. ಗೂಡಿದ್ದ ಜಾಗವನ್ನು ಮಾತ್ರ ಬರೆಯಬಾರದು; ಬರೆದರೆ ಮರುದಿನ ಇನ್ನಷ್ಟು ಲೆನ್ಸುಗಳು ಅಲ್ಲಿರುತ್ತವೆ. ಈ ವಿವರಗಳನ್ನು ಹೇಳಲು ಹಿಂಜರಿಯುವ ಚಿತ್ರ ಎಷ್ಟೇ ಸುಂದರವಾಗಿದ್ದರೂ ಪತ್ರಿಕೆಗಳು ಅಚ್ಚು ಹಾಕುವ ಮೊದಲು ಎರಡು ಸಲ ಯೋಚಿಸಲಿ. ಬಹುಮಾನ ಕೊಡುವವರಂತೂ ಕೇಳಿಯೇ ಕೇಳಲಿ.

ಮ್ಯಾಕ್ರೊ ಲೆನ್ಸ್ ಒಂದೇ ಇರುವ ವಿದ್ಯಾರ್ಥಿಗಳು ನಿರಾಶರಾಗಬೇಕಿಲ್ಲ. 100 ಮಿಲಿಮೀಟರಿನ ಆ ಲೆನ್ಸಿನಿಂದ ಆರು ಮೀಟರ್ ದೂರದ ಸೂರಕ್ಕಿಯನ್ನು ತೆಗೆದರೆ ಹಕ್ಕಿ ಚೌಕಟ್ಟಿನ ಅಗಲದ ಇಪ್ಪತ್ತನೆಯ ಒಂದು ಭಾಗದಷ್ಟು ಬರುತ್ತದೆ. ಉಳಿದ ಹತ್ತೊಂಬತ್ತು ಭಾಗದಲ್ಲಿ ದಾಸವಾಳದ ಗಿಡ, ಅದರ ಹಿಂದಿನ ಕಾಂಪೌಂಡು, ಒಣಹಾಕಿದ ಬಟ್ಟೆ, ಮೋಡ ಎಲ್ಲ ಇರುತ್ತವೆ. ಸ್ಪರ್ಧೆಯಲ್ಲಿ ಅದಕ್ಕೆ ಬಹುಮಾನ ಬರಲಾರದು. ಆದರೆ ಆ ಹಕ್ಕಿ ಎಲ್ಲಿ, ಯಾರ ಪಕ್ಕದಲ್ಲಿ, ಎಷ್ಟು ಜಾಗದಲ್ಲಿ ಬದುಕುತ್ತಿದೆ ಎಂದು ಅದರಿಂದ ತಿಳಿಯುತ್ತದೆ. ಅಂಥ ಚಿತ್ರಗಳನ್ನು ಓದಲು ನಾವು ಇನ್ನೂ ಕಲಿಯಬೇಕಿದೆ.